ಅತ್ತೆಯ ಹಳೇ ಫೋನು

ಹೊಸಮನೆ, ಶಿವಮೊಗ್ಗ
ಭಾನುವಾರ, ೨೦ ಏಪ್ರಿಲ್ ೨೦೨೫

ಪ್ರೀತಿಯ ಅತ್ತೆಯವರಿಗೆ ಸೊಸೆ ರಶ್ಮಿಯ ನಮಸ್ಕಾರಗಳು.

ನಿಮ್ಮ ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಅಥವಾ ಮಗುವಿಗೆ ಹಚ್ಚುವುದರಲ್ಲೇ ಎಣ್ಣೆಯೂ ಹೊತ್ತೂ ಮುಗಿದುಹೋಗುತ್ತಿದೆಯೋ? ಎರಡನೇ ಬಾಣಂತನವಾದರೂ ನಿಮ್ಮ ಮಗಳು ಕವನಾ ಹೇಳಿದ ಮಾತು ಕೇಳುವವಳಲ್ಲ, ತಲೆಗೆ ಬಟ್ಟೆ ಕಟ್ಟದೆ ಫ್ಯಾನಿನ ಕೆಳಗೆ ಕೂತಿರುತ್ತಾಳೆ ಎಂದು ನನಗೆ ಗೊತ್ತು. ಅವಳನ್ನು ಗದರಿಸಿ, ಆದರೆ ಅಳಿಸಬೇಡಿ. ಇಲ್ಲಿ ನಾವೆಲ್ಲ ಕ್ಷೇಮ. ಮಾವ ದಿನಾ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುತ್ತಾರೆ, ಎರಡನೇ ಸಲ ಅದೇ ಸಾರನ್ನು ಹಾಕಿಸಿಕೊಳ್ಳುತ್ತಾರೆ. ನೀವಿಲ್ಲದೆ ಅವರಿಗೆ ಬೇಜಾರು, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಫೋನ್ ಇರುವಾಗ ಈ ಹುಡುಗಿ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿಮಗೆ ಅನಿಸಬಹುದು. ಕೈಯಲ್ಲಿ ಮಗು ಇರುವುದರಿಂದ ನೀವು ಸ್ಪೀಕರ್ ಹಾಕಿಯೇ ಮಾತನಾಡುತ್ತೀರಿ, ಮಗು ನೋಡಲು ಬಂದವರೆಲ್ಲ ಕೇಳಿಸಿಕೊಳ್ಳುತ್ತಾರೆ. ಮೆಸೇಜು ಹಾಕಿದರೆ ಕವನಾ ನಿಮಗಿಂತ ಮೊದಲು ಓದುತ್ತಾಳೆ. ನಿಮ್ಮ ಮಗ ನಾಳೆ ಮಾಚೇನಹಳ್ಳಿಯಲ್ಲಿ ಕೆಲಸ ಮುಗಿಸಿಕೊಂಡು ಹಾಗೇ ಭದ್ರಾವತಿಗೆ ಕವನಾಳ ಮನೆಗೆ ಬಂದು, ಅಂಟಿನುಂಡೆ ಡಬ್ಬಿಯ ಜೊತೆ ಇದನ್ನು ನಿಮ್ಮ ಕೈಗೇ ಕೊಡುತ್ತಾರೆ. ಒಬ್ಬರೇ ಇದ್ದಾಗ ಓದಿ.

ಹೋಗುವಾಗ ನಿಮ್ಮ ಹಳೇ ಫೋನನ್ನು ಪಕ್ಕದ ಮನೆಯ ಪುಷ್ಪಮ್ಮನವರಿಗೆ ಕೊಡಲು ಹೇಳಿದ್ದಿರಿ. "ಅದ್ರಲ್ಲಿರೋದನ್ನೆಲ್ಲ ನೀನೇ ಅಳಿಸಿ ಕೊಡು, ಬೇರೆ ಯಾರ ಕೈಗೂ ಕೊಡ್ಬೇಡ" ಎಂದು ಎರಡೆರಡು ಸಲ ಹೇಳಿದ್ದಿರಿ. ನಿನ್ನೆ ಮಧ್ಯಾಹ್ನ ಆ ಕೆಲಸಕ್ಕೆ ಕೂತೆ. ಬ್ರೌಸರ್ ತೆರೆದು ಹುಡುಕುವ ಜಾಗದಲ್ಲಿ ಬೆರಳಿಟ್ಟ ಕೂಡಲೇ ಹಿಂದೆ ಹುಡುಕಿದ್ದೆಲ್ಲ ಸಾಲಾಗಿ ಕಾಣಿಸಿತು. ಮೊದಲು ಕಣ್ಣಿಗೆ ಬಿದ್ದವೆಲ್ಲ ನನ್ನವು. ಫಿಟ್ಸ್ ಮತ್ತೆ ಬರುತ್ತದಾ, ಮಾತ್ರೆ ಎಷ್ಟು ವರ್ಷ ತೆಗೆದುಕೊಳ್ಳಬೇಕು, ಸ್ಕೂಟರ್ ಓಡಿಸಬಹುದಾ. ಕಳೆದ ದೀಪಾವಳಿಗೆ ತವರಿಗೆ ಹೋಗಿದ್ದಾಗ ನಾನು ಎಚ್ಚರ ತಪ್ಪಿ ಬಿದ್ದದ್ದು, ಡಾಕ್ಟರು ಮಾತ್ರೆ ಬರೆದುಕೊಟ್ಟದ್ದು ಇಲ್ಲಿ ನಿಮ್ಮ ಮಗ ಜ್ಞಾನೇಶ್ ಒಬ್ಬರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಜನರ ಬಾಯಿಗೆ ಬಿದ್ದರೆ ಈ ಮನೆಯಲ್ಲಿ ನನ್ನ ಜಾಗ ಏನಾಗುತ್ತದೋ ಎಂಬ ಹೆದರಿಕೆಯಲ್ಲಿ ನಿಮಗೂ ಹೇಳಿರಲಿಲ್ಲ.

ಸಂಜೆ ಇವರನ್ನು ಕೇಳಿದೆ. ಮನೆಯವರ ಫೋಟೋಗಳು ಎಲ್ಲರಿಗೂ ಸಿಗಲಿ ಎಂದು ನಮ್ಮ ನಾಲ್ಕೂ ಫೋನಿಗೆ ಇವರು ಒಂದೇ ಅಕೌಂಟ್ ಹಾಕಿದ್ದರಂತೆ. ಫೋಟೋ ಬಂದ ದಾರಿಯಲ್ಲೇ ನಾನು ಹುಡುಕಿದ್ದೂ ಬರುತ್ತದೆ ಎಂದು ಪಾಪ, ಅವರಿಗೂ ಹೊಳೆದಿರಲಿಲ್ಲ. ನಿಜ ಹೇಳುತ್ತೇನೆ ಅತ್ತೆ, ಮೊದಲು ನನಗೆ ಬಂದದ್ದು ಸಿಟ್ಟು. ಬಚ್ಚಲಿನ ಬಾಗಿಲು ಇಷ್ಟು ದಿನ ತೆರೆದೇ ಇತ್ತು ಎಂದು ಗೊತ್ತಾದ ಹಾಗೆ ಆಯಿತು. ನೀವು ಎಲ್ಲ ನೋಡಿಕೊಂಡು ಏನೂ ಗೊತ್ತಿಲ್ಲದವರಂತೆ ಹೇಗೆ ಇದ್ದಿರಿ ಎಂದು ಫೋನನ್ನು ಹಾಸಿಗೆಯ ಮೇಲೆ ಬಿಸಾಕಿದೆ.

ಮತ್ತೆ ಎತ್ತಿಕೊಂಡು ಕೆಳಗೆ ಸರಿಸಿದಾಗ ನಿಮ್ಮವು ಸಿಕ್ಕವು. ಮೈಕಿನ ಗುರುತು ಒತ್ತಿ ನೀವು ಕೇಳಿದ್ದನ್ನೆಲ್ಲ ಆ ಫೋನು ನಿಮ್ಮ ಮಾತಿನಲ್ಲೇ ಬರೆದಿಟ್ಟಿದೆ. ನನ್ನ ಫೋನಿಗೂ ಇವು ಬಂದಿರಬೇಕು, ನಾನು ಅಷ್ಟು ಕೆಳಗೆ ಸರಿಸಿ ನೋಡಿದವಳೇ ಅಲ್ಲ. "ಫಿಟ್ಸ್ ಇರೋರು ಉಪವಾಸ ಮಾಡಬಹುದಾ." "ನಿದ್ದೆ ಕೆಟ್ರೆ ಫಿಟ್ಸ್ ಬರುತ್ತಾ." "ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡೋದು ಸರಿನಾ ತಪ್ಪಾ." ಅದನ್ನು ಓದುತ್ತ ನನಗೆ ಈ ಸಲದ ಶಿವರಾತ್ರಿ ನೆನಪಾಯಿತು. ಮದುವೆಯಾಗಿ ಬಂದಾಗಿನಿಂದ ಒಂದು ಜಾಗರಣೆಯನ್ನೂ ತಪ್ಪಿಸದ ನೀವು ಅಂದು ಪೂಜೆ ಮುಗಿಸಿದವರೇ, "ನಂಗೆ ಪಿತ್ತ ಆಗಿದೆ, ಒಬ್ಳೇ ತಿನ್ನೋಕೆ ಸಂಕೋಚ, ನೀನೂ ಬಾ" ಎಂದು ನನಗೂ ಅವಲಕ್ಕಿ ತಿನ್ನಿಸಿದಿರಿ. ಜಾಗರಣೆ ಈ ಸಲ ಆಗುವುದಿಲ್ಲ, ಕಾಲು ಒತ್ತಿಕೊಡು ಎಂದು ಕರೆದುಕೊಂಡು ಹೋಗಿ ಪಕ್ಕದಲ್ಲೇ ಮಲಗಿಸಿಕೊಂಡಿರಿ. ಕಾಲು ಒತ್ತಲು ಬಿಡಲೇ ಇಲ್ಲ. ಮರುದಿನ ಪುಷ್ಪಮ್ಮನವರು "ಸುಭದ್ರಮ್ಮಂಗೆ ಶಿವನಿಗಿಂತ ನಿದ್ದೆನೇ ಹೆಚ್ಚಾಯ್ತು" ಎಂದು ಬೀದಿಗೆಲ್ಲ ಕೇಳುವ ಹಾಗೆ ಆಡಿಕೊಂಡರು. ನೀವು ನಕ್ಕುಬಿಟ್ಟಿರಿ. ಅತ್ತೆಗೆ ವಯಸ್ಸಾಯಿತು ಎಂದು ನಾನೂ ಅಂದುಕೊಂಡೆ.

ಮಾರ್ಕೆಟ್ಟಿಗೆ ಗಾಡಿ ಬೇಡ, ನಡೆದರೆ ಮಂಡಿ ಸಡಿಲವಾಗುತ್ತದೆ ಎಂದು ನನ್ನನ್ನು ನಡೆಸಿಕೊಂಡು ಹೋಗುತ್ತಿದ್ದಿರಿ. ಬರುವಾಗ ನೋವಿಗೆ ಮುಖ ಕಿವುಚಿಕೊಳ್ಳುತ್ತಿದ್ದದ್ದು ನೀವು. ಮಾವನ ಫೋನಿನ ಗಲಾಟೆಯಂತೂ ಮನೆಯಲ್ಲಿ ಇನ್ನೂ ತಮಾಷೆಯ ವಿಷಯ. ಅವರ ಫೋನಿನಲ್ಲಿದ್ದ ನಂಬರುಗಳೆಲ್ಲ ಒಂದು ದಿನ ಮಾಯವಾದಾಗ, ಕೈ ತಾಗಿ ಏನೋ ಒತ್ತಿಬಿಟ್ಟೆ ಎಂದಿರಿ. "ಗೊತ್ತಿಲ್ದೆ ಇದ್ರೆ ಮುಟ್ಬಾರ್ದು ಮಾರಾಯ್ತಿ" ಎಂದು ಅವರು ವಾರವೆಲ್ಲ ಗೊಣಗಿದರು, ನಾವೆಲ್ಲ ನಿಮ್ಮನ್ನೇ ನೋಡಿ ನಕ್ಕೆವು. ಅದಕ್ಕೆ ಹಿಂದಿನ ದಿನ ನೀವು ಮೈಕ್ ಒತ್ತಿ ಕೇಳಿದ್ದು ಇದು: "ಒಬ್ರು ಹುಡುಕಿದ್ದು ಇನ್ನೊಬ್ರ ಫೋನಲ್ಲಿ ಕಾಣದಂಗೆ ಮಾಡೋದು ಹೆಂಗೆ." ಮಾವನ ಕಣ್ಣಿಗೆ ಬೀಳಬಾರದೆಂದು ಅವರ ಫೋನಿನಿಂದ ಆ ಅಕೌಂಟನ್ನೇ ತೆಗೆದಿದ್ದೀರಿ, ನಂಬರುಗಳೂ ಅದರ ಜೊತೆಗೇ ಹೋಗಿವೆ. ಏನೂ ತಿಳಿಯದವಳು ಎನಿಸಿಕೊಂಡು ನನ್ನ ಮಾನ ಕಾಪಾಡಿದಿರಿ. ಫೋನಿನ ವಿಷಯದಲ್ಲಿ ಈ ಮನೆಯಲ್ಲಿ ಎಲ್ಲರಿಗಿಂತ ಜಾಣೆ ನೀವೇ ಎಂದು ನಾನು ಯಾರಿಗೂ ಹೇಳುವಂತಿಲ್ಲ, ಅದೇ ಹೊಟ್ಟೆಯುರಿ.

ಇನ್ನೊಂದು ಮಾತು. ಕೆಲವು ತಿಂಗಳಿಂದ ನನ್ನ ಫೋನಿನಲ್ಲಿ ಏನು ತೆರೆದರೂ ಮೆದುಳಿಗೆ ಶಕ್ತಿ ಕೊಡುವ ಲೇಹ್ಯ, ಮೂರ್ಛೆಗೆ ತಾಯಿತ, ಇಂಥದ್ದೇ ಜಾಹೀರಾತು. ನಾನು ಹುಡುಕಿದ್ದು ಮುಖ ಕಾಣದ ಯಾರು ಯಾರಿಗೋ ಹೋಗಿದೆ, ತಿಳಿದ ಕೂಡಲೇ ಅವರು ವ್ಯಾಪಾರಕ್ಕೆ ಇಳಿದಿದ್ದಾರೆ. ಅದೇ ವಿಷಯ ತಿಳಿದು ನೀವು ಶಿವರಾತ್ರಿಯನ್ನು ಬಿಟ್ಟಿರಿ. ನನ್ನ ಹೆತ್ತಮ್ಮನೂ ಇಷ್ಟು ಸದ್ದಿಲ್ಲದೆ ನನ್ನನ್ನು ನೋಡಿಕೊಳ್ಳುತ್ತಿರಲಿಲ್ಲ, ಅವಳಿಗೆ ಮೊದಲು ಅಳು ಬರುತ್ತಿತ್ತು. ನಿಮ್ಮ ಸೊಸೆಯಾದದ್ದು ನನ್ನ ಪುಣ್ಯ ಅತ್ತೆ.

ಈಗ ನಾಲ್ವರಿಗೂ ಬೇರೆ ಬೇರೆ ಅಕೌಂಟ್ ಮಾಡಿಸಿದ್ದೇನೆ. ನಿಮ್ಮ ಹೊಸ ಫೋನನ್ನು ಇವರು ನಾಳೆ ಅಲ್ಲೇ ಸರಿಮಾಡುತ್ತಾರೆ. ಬ್ರೌಸರ್ ಸೆಟ್ಟಿಂಗ್ಸಿನಲ್ಲಿ ಹಂಚಿಕೊಳ್ಳಬೇಡ ಎಂದು ಹೇಳುವ ಕಡೆಯೆಲ್ಲ ಹೇಳಿದ್ದೇನೆ. ಅದು ಎಷ್ಟು ಕೇಳುತ್ತದೋ ಗೊತ್ತಿಲ್ಲ. ಹಳೇ ಫೋನನ್ನು ಮಾತ್ರ ಪುಷ್ಪಮ್ಮನವರಿಗೆ ಕೊಡಲಿಲ್ಲ, ಕೊಡುವುದೂ ಇಲ್ಲ. ಅಳಿಸಲು ಮನಸ್ಸು ಬರಲಿಲ್ಲ, ಆಫ್ ಮಾಡಿ ನನ್ನ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡಿದ್ದೇನೆ.

ಕವನಾಳಿಗೂ ಮಕ್ಕಳಿಗೂ ನನ್ನ ಪ್ರೀತಿ ತಿಳಿಸಿ. ನಿಮ್ಮ ಆಶೀರ್ವಾದ ಇರಲಿ.

ನಿಮ್ಮ ಸೊಸೆ,
ರಶ್ಮಿ

ತಾ.ಕ.: ಸೋಮವಾರ ಬೆಳಿಗ್ಗೆ. ಇವರು ಹೊರಗೆ ಗಾಡಿ ಸ್ಟಾರ್ಟ್ ಮಾಡಿಕೊಂಡು ಕೂಗುತ್ತಿದ್ದಾರೆ. ಇನ್ನು ಮೇಲೆ ನನ್ನ ಮನಸ್ಸಿನಲ್ಲಿರುವುದು ನಿಮ್ಮ ಫೋನಿಗೆ ಬರುವುದಿಲ್ಲ, ಅದಕ್ಕೆ ನಾನೇ ಹೇಳಬೇಕು. ನಮಗೊಂದು ಮಗು ಬೇಕೆಂದು ಆಸೆ ಅತ್ತೆ. ಈ ಮಾತ್ರೆ ತೆಗೆದುಕೊಳ್ಳುತ್ತ ಬಸುರಿಯಾಗಬಹುದಾ ಎಂದು ಡಾಕ್ಟರನ್ನು ಕೇಳಬೇಕು, ಕೇಳಲು ಹೆದರಿಕೆ. ಇದನ್ನು ನಾನು ಎಲ್ಲೂ ಹುಡುಕಿಲ್ಲ, ಮೊದಲು ನಿಮಗೇ ಹೇಳುತ್ತಿದ್ದೇನೆ. ನೀವು ಊರಿಗೆ ಬಂದ ಮೇಲೆ ಡಾಕ್ಟರ ರೂಮಿನ ಒಳಗೆ ನನ್ನ ಜೊತೆ ಬರುತ್ತೀರಾ?