ಕಿನುವಿಗೆ ಹೊದಿಸಿದ ಶಾಲು

ಸನ್ನಿವೇಲ್
೨೦ ನವೆಂಬರ್ ೨೦೨೪

ಚಿ. ಸೌ. ನಿಸರ್ಗಾಳಿಗೆ,

ನಿನ್ನ ಸೋದರತ್ತೆ ಗೌರಮ್ಮನ ಆಶೀರ್ವಾದಗಳು. ಇಲ್ಲಿ ನಿನ್ನ ಮಾವ ಕ್ಷೇಮ, ಬಾಲ್ಕನಿಯ ಕರಿಬೇವಿನ ಗಿಡವೂ ಕ್ಷೇಮ. ನನ್ನ ವಿಷಯ ಮುಂದೆ ಬರುತ್ತದೆ. ನೀನು, ಹರ್ಷ, ಮಗು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮಗುವಿನ ಕೆಮ್ಮು ಹೋಯಿತೇ? ಡೇಕೇರಿಗೆ ಕಳಿಸುವಾಗ ಕಿವಿ ಮುಚ್ಚುವ ಟೋಪಿ ಹಾಕು.

ಉತ್ತರ ತಡವಾಯಿತು. ನೀನು ದಿನಾ ಫೋನು ಮಾಡುತ್ತಿದ್ದೀಯ, ನಾನು ಎತ್ತುತ್ತಿಲ್ಲ. ತಪ್ಪು ತಿಳಿಯಬೇಡ ಅಂತ ಬರೆಯಬೇಕು, ತಿಳಿದುಕೊಂಡರೂ ಪರವಾಗಿಲ್ಲ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು "ಹೋಗ್ಲಿ ಬುಡು ಮಗ" ಅನ್ನುತ್ತೇನೆ, ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. ಅದು ಅಷ್ಟು ಸಲೀಸಾಗಿ ಮುಗಿಯುವುದು ನನಗೆ ಬೇಕಿಲ್ಲ. ಒಂದು ಗಂಟೆ ದಾರಿಯ ಡಬ್ಲಿನ್ನಿನ ನಿಮ್ಮ ಮನೆಗೆ ಕಾರಿನಲ್ಲಿ ಹೋಗಿ ಬರುವುದು ಬಿಟ್ಟು ಅಂಚೆಗೆ ಹಾಕುತ್ತಾಳಂತೆ ಎಂದು ನಿನ್ನ ಮಾವ ನಗುತ್ತಿದ್ದಾರೆ. ನಗಲಿ. ಇದರಲ್ಲಿ ಅವರ ಪಾಲೂ ಇದೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿನಿಂದ ಒಂದಾದ ಮೇಲೊಂದು ಬರೆದುಕೊಂಡು ಹೋದರೆ ನನಗೆ ಏನೂ ಜಾರುವುದಿಲ್ಲ. ನಡುವೆ ಯಾರಾದರೂ ಮಾತಾಡಿಸಿದರೆ ಕಷ್ಟ.

ನಾಟಕ ಬರೆದವಳು ನಾನು. ಲೈಬ್ರರಿಯ ಕೆಲಸದಿಂದ ನಿವೃತ್ತಳಾದ ಮೇಲೆ ಹಳೆಯ ಜಪಾನಿನ ಪಾಳೇಗಾರರ ಕಾಲದ ಬಗ್ಗೆ ಓದುತ್ತಾ ಕೂತವಳಿಗೆ ಕಿನು ಹೊಳೆದಳು. ಹಗಲು ರೇಷ್ಮೆ ನೇಯುವ ಮನೆಯ ಯಜಮಾನಿ. ಮಗ್ಗದ ಹಿಂದೆ ಗುಪ್ತವಾಗಿ ಕೊಲೆಗಾರ್ತಿಯರ ಪಡೆಯೊಂದನ್ನು ನಡೆಸುವ ನಾಯಕಿ. ನಮ್ಮ ಕನ್ನಡ ಸಂಘದ ಅಧ್ಯಕ್ಷೆ ಭಾವನಾ ಮೊದಲು ಮೂಗು ಮುರಿದಳು. "ರಾಜ್ಯೋತ್ಸವಕ್ಕೆ ಜಪಾನ್ ಯಾಕೆ ಅಕ್ಕಾ, ಒನಕೆ ಹಿಡಿದ ಹೆಂಗಸರು ನಮ್ಮಲ್ಲೇ ಇಲ್ವಾ?" ಅಂದಳು. ಆಗ ನನ್ನ ಪರ ನಿಂತವಳು ನೀನು. "ನಮ್ಮತ್ತೆ ಕತ್ತಿ ಹಿಡಿದ್ರೆ ಯಾವ ದೇಶ ಅಂತ ಯಾರೂ ಕೇಳಲ್ಲ" ಅಂದೆ. ಆ ಮಾತಿಗೆ ನಾನು ಒಂದು ವಾರ ಉಬ್ಬಿಕೊಂಡು ಓಡಾಡಿದೆ.

ಕಿನುವಿನ ಪಡೆಗೆ ನಾನು ಕಟ್ಟಿದ ಕಟ್ಟಳೆ ನಿನಗೆ ಬಾಯಿಪಾಠ. ನಾಯಕಿಗೆ ಶಕ್ತಿ ಕುಂದಿದರೆ ಯಾರೂ ಅವಳ ಮುಖಕ್ಕೆ ಹೇಳುವುದಿಲ್ಲ. ಎಲ್ಲರೂ ಸಾಲಾಗಿ ಬಗ್ಗುತ್ತಾರೆ, ಅವಳ ಹೆಗಲಿಗೆ ಹೊಸ ರೇಷ್ಮೆ ಹೊದಿಸುತ್ತಾರೆ, ಚಹಾ ಕೊಟ್ಟು "ಅಮ್ಮ, ಇನ್ನು ವಿಶ್ರಾಂತಿ ತಗೊಳ್ಳಿ" ಅನ್ನುತ್ತಾರೆ. ಆ ಮಾತು ಬಂತೆಂದರೆ ಚಹಾದಲ್ಲಿ ವಿಷವಿದೆ. ಕಿನುವಿನ ಕಣ್ಣು ಮಂಜಾಗುತ್ತಿರುವುದು ಸಾಕುಮಗಳು ಯುಕಿಗೆ ಮಾತ್ರ ಗೊತ್ತು. ಯುಕಿಯೇ ಹೋಗಿ ಪಡೆಗೆ ಹೇಳುತ್ತಾಳೆ. ಇದನ್ನೆಲ್ಲ ನಾನು ಬರೆದದ್ದು ಹೋದ ವರ್ಷ, ನನ್ನ ತಲೆ ನೆಟ್ಟಗಿದ್ದಾಗ. ನನ್ನ ಕಥೆಯನ್ನೇ ಬರೆದುಕೊಂಡೆ ಅಂತ ಯಾರೂ ಹೇಳುವ ಹಾಗಿಲ್ಲ.

ಆಗಸ್ಟಿನಲ್ಲಿ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳೂ ನೀನೇ. ಮರೆವಿನ ಕಾಯಿಲೆ, ಈಗಷ್ಟೇ ಶುರುವಾಗಿದೆ ಅಂದರು ಆತ, ಬಹಳ ಮೆತ್ತಗೆ. ಪಾರ್ಕಿಂಗಿನಲ್ಲಿ, ನೀನು ಕಾರು ಸ್ಟಾರ್ಟ್ ಮಾಡುವ ಮೊದಲೇ, ನಾನು ನಿನ್ನ ಹತ್ತಿರ ಎರಡು ಮಾತು ಕೇಳಿದೆ, ನೀನು ನನ್ನ ಕೈಮೇಲೆ ಕೈಯಿಟ್ಟು ಎರಡಕ್ಕೂ ಒಪ್ಪಿದೆ. ನಾಟಕ ಮುಗಿಯುವ ತನಕ ಯಾರಿಗೂ ಹೇಳಬೇಡ, ನಿನ್ನ ಮಾವನಿಗೂ, ಅನ್ನುವುದು ಒಂದು. ಇನ್ನೊಂದನ್ನು ಕೊನೆಗೆ ಬರೆಯುತ್ತೇನೆ.

ಅಕ್ಟೋಬರಿನಲ್ಲಿ ಒಂದು ಭಾನುವಾರ ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಲ್ಲಿ ಅವರೆಕಾಳು ಆರಿಸುತ್ತಿದ್ದೆ. ನಮ್ಮ ಲೈಟಿಂಗಿನ ಕೇದಾರ ಬಂದ. ಪಾಪ, ಆ ಹುಡುಗನಿಗೆ ಏನೂ ತಿಳಿಯದು. "ಅಕ್ಕಾ, ಡಬ್ಲಿನ್ ರಿಹರ್ಸಲ್‌ಗೆ ನೀವು ಬರ್ಲೇ ಇಲ್ವಲ್ಲ! ನಿಸರ್ಗಾ ಕಿನು ಮಾಡೋದು ನೋಡಿ ನಂಗೆ ಕಣ್ಣಲ್ಲಿ ನೀರು ಬಂತು. ನೀವೇ ಹೇಳ್ಕೊಟ್ರಂತೆ?" ಅಂದ. ನಾನು "ಹೂಂ ಕಣಪ್ಪ" ಅಂದೆ. ಕೈಯಲ್ಲಿದ್ದ ಅವರೆಕಾಳನ್ನು ಅಲ್ಲೇ ಬಿಟ್ಟು ಬಂದೆನೆಂದು ಮನೆಗೆ ಬಂದ ಮೇಲೆ ತಿಳಿಯಿತು.

ಶುಕ್ರವಾರ ಸನ್ನಿವೇಲಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ನಾನು ಕಿನು, ನೀನು ಯುಕಿ. ಮಂಗಳವಾರ ಡಬ್ಲಿನ್ನಿನಲ್ಲಿ, ನಾನಿಲ್ಲದಾಗ, ನೀನು ಕಿನು, ಪಡೆಯ ಹುಡುಗಿಯರಲ್ಲೊಬ್ಬಳಾದ ಅಕ್ಷಯಾ ಯುಕಿ. ಒಂದು ನಾಟಕಕ್ಕೆ ಎರಡು ರಿಹರ್ಸಲ್ಲು, ಅದರಲ್ಲಿ ಒಂದು ಬರೀ ನನ್ನ ಸಮಾಧಾನಕ್ಕೆ. ಬೇರೆ ಯಾವ ಜನಕ್ಕೂ ಇದು ಹೊಳೆಯುತ್ತಿರಲಿಲ್ಲ ಅನ್ನಿಸುತ್ತದೆ. ದೊಡ್ಡವರ ಮುಖಕ್ಕೆ ಇಲ್ಲ ಅನ್ನಲಾಗದ ದಾಕ್ಷಿಣ್ಯ. ಅದಕ್ಕಾಗಿ ವಾರವಾರ ಟ್ರಾಫಿಕ್ಕಿನಲ್ಲಿ ಫ್ರೀವೇ ದಾಟಿ ಬಂದು, ನನ್ನ ಮುಂದೆ ಬಗ್ಗಿ, ನಾನು ತಿದ್ದಿದ್ದನ್ನು ತಿದ್ದಿಕೊಂಡು, ನಾನು ಮಾಡಿದ ಚಿತ್ರಾನ್ನ ತಿಂದು ಹೋಗುತ್ತಿದ್ದಿರಿ. ಗುಪ್ತಪಡೆ ಕಟ್ಟಿದವಳು ನಾನೆಂದು ಬೀಗುತ್ತಿದ್ದೆ. ನಿಜವಾದ ಗುಪ್ತಪಡೆ ನಿಮ್ಮದು.

ನಿನ್ನ ಮಾವ ಸಿಕ್ಕಿಬಿದ್ದದ್ದು ಕತ್ತಿಯಿಂದ. ಗರಾಜಿನಲ್ಲಿ ಅವರೇ ಮರ ಉಜ್ಜಿ ಉಜ್ಜಿ ಮಾಡಿದ ಕಿನುವಿನ ಕತ್ತಿ ಒಂದು ಮಂಗಳವಾರ ಗೋಡೆಯ ಮೇಲೆ ಇರಲಿಲ್ಲ. ಎಲ್ಲಿ ಅಂತ ಕೇಳಿದೆ. "ನೀನೇ ಎಲ್ಲೋ ಇಟ್ಟು ಮರ್ತಿದ್ದೀಯ" ಅಂದರು. ನಿಸರ್ಗಾ, ನಾನು ಅರ್ಧ ದಿನ ಮನೆಯೆಲ್ಲ ಹುಡುಕಿದೆ. ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ಬಗ್ಗಿ ನೋಡುವಾಗ ಅವರಿಗೆ ತಡೆಯಲಾಗಲಿಲ್ಲ. "ಡಬ್ಲಿನ್‌ಗೆ ಕೊಟ್ಟೆ ಕನೆ. ಎಲ್ರೂ ಸೇರ್ಕಂಡು ಕೇಳುದ್ರು, ನಾನೇನ್ ಮಾಡ್ಲಿ? ನಿಂಗೆ ಬೇಜಾರಾಯ್ತದೆ ಅಂತ ಹೇಳ್ನಿಲ್ಲ" ಅಂದರು. ಆಮೇಲೆ, ತಲೆ ತಗ್ಗಿಸಿ, "ಡಾಕ್ಟ್ರು ಯೋಳಿದ್ದನ್ನ ನೀನೇ ನಂಗೆ ಯೋಳಬೋದಿತ್ತು" ಅಂದರು. ನನ್ನ ಕಾಯಿಲೆಯ ಸುದ್ದಿ ಅವರಿಗೆ ಭಾವನಾಳಿಂದ ಗೊತ್ತಾಗಿತ್ತು. ಭಾವನಾಳಿಗೆ ನಿನ್ನಿಂದ.

ನೀನು ಕೆಟ್ಟದ್ದಕ್ಕೆ ಹೇಳಲಿಲ್ಲ, ಗೊತ್ತು. ಸ್ಟೇಜಿನ ಮೇಲೆ ಅತ್ತೆ ತಡವರಿಸಬಾರದು, ಜನ ಕನಿಕರ ಪಡಬಾರದು ಎಂದು ಹೇಳಿರುತ್ತೀಯ. ಆದರೂ ನನಗೆ ಮೋಸವಾಯಿತು ಅನ್ನಿಸಿತು, ಈಗಲೂ ಅನ್ನಿಸುತ್ತಿದೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಅಂತ ಅದಕ್ಕೆ ಬೇರೆ ಹೆಸರಿಡಲು ನನ್ನಿಂದ ಆಗುವುದಿಲ್ಲ.

ಮುಂದಿನ ಶುಕ್ರವಾರ ಏನೂ ಗೊತ್ತಿಲ್ಲದವಳ ಹಾಗೆ ಕ್ಲಬ್‌ಹೌಸಿಗೆ ಬಂದೆ. ಎಲ್ಲರನ್ನೂ ನೋಡಿದೆ. ಚೆನ್ನಾಗಿ ನಟಿಸುತ್ತೀರಿ, ನಿಮಗೆಲ್ಲ ನಾನೇ ಕಲಿಸಿದ್ದು. ಕೊನೆಯ ಚಹಾ ದೃಶ್ಯದಲ್ಲಿ ನನಗೆ ಮಾತು ತಪ್ಪಿತು, ನೆನಪಿದೆಯಾ? "ನನ್ನ ಕಣ್ಣು ಮಂಜಾದದ್ದು ನಿಜ, ಯುಕಿ. ನಿನ್ನ ಹೆಜ್ಜೆ ಗುರುತಿಸಲು ನನಗೆ ಕಣ್ಣು ಬೇಕಿರಲಿಲ್ಲ" ಅನ್ನಬೇಕಿತ್ತು. ನಾನು, "ನನ್ನ ಕಣ್ಣಿಗೇನಾಗಿದೆ ಯುಕಿ? ಎಲ್ಲ ಚೆನ್ನಾಗಿಯೇ ಕಾಣುತ್ತಿದೆ" ಅಂದುಬಿಟ್ಟೆ. ಕಿನುವಿನ ಕಣ್ಣು ಚೆನ್ನಾಗಿದ್ದರೆ ಆ ನಾಟಕವೇ ಇಲ್ಲ. ಅಷ್ಟು ದೊಡ್ಡ ತಪ್ಪು. ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಭಾವನಾ "ಸೂಪರ್ ಅಕ್ಕಾ" ಅಂದಳು.

ಪ್ರದರ್ಶನದ ದಿನ ನಾನು ಮನೆಯಿಂದಲೇ ಕಿಮೊನೋ ಉಟ್ಟು, ತುರುಬು ಕಟ್ಟಿ ಬಂದೆ. ಬೇಕೆಂದೇ ಬಂದೆ. ಒಬ್ಬರಾದರೂ ಗ್ರೀನ್‌ರೂಮಿಗೆ ಬಂದು "ಅಕ್ಕಾ, ಪಾತ್ರ ನಿಮ್ಮದಲ್ಲ" ಅಂತ ಎದುರಿಗೆ ನಿಂತು ಹೇಳಲಿ ಎಂದು ಕಾದೆ. ಎಲ್ಲರೂ ಬಂದರು. ಒಬ್ಬರು ಕಾಫಿ ಕೊಟ್ಟರು, ಒಬ್ಬರು ಹೂವು ಕೊಟ್ಟರು, ಒಬ್ಬರು ಕಾಲಿಗೆ ಬಿದ್ದರು. ಆಮೇಲೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಸನ್ಮಾನ.

ಜಪಾನಿನ ತುರುಬಿನ ಮೇಲೆ ಮೈಸೂರು ಪೇಟ ಇಟ್ಟರೆ ಹೇಗೆ ಕಾಣುತ್ತದೋ ಯೋಚಿಸು. ಅದು ಜಾರದಂತೆ ಭಾವನಾ ಒಂದು ಕೈಯಲ್ಲಿ ಹಿಡಿದೇ ನಿಂತಿದ್ದಳು. ಹಣ್ಣಿನ ಬುಟ್ಟಿ ಕೊಟ್ಟರು. ನೀವೆಲ್ಲ ಸಾಲಾಗಿ ಬಗ್ಗಿದಿರಿ. ನೀನು ಬಂದು ನನ್ನ ಹೆಗಲಿಗೆ ರೇಷ್ಮೆ ಶಾಲು ಹೊದಿಸಿದೆ. ಮೈಕು ತೆಗೆದುಕೊಂಡು, "ಅತ್ತೆ ನಮಗೆಲ್ಲ ದಾರಿ ಹಾಕ್ಕೊಟ್ಟಿದ್ದಾರೆ. ಅತ್ತೆ, ನೀವು ಇನ್ನು ವಿಶ್ರಾಂತಿ ತಗೊಳ್ಳಿ" ಅಂದೆ. ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೀನು ಏನು ಹೇಳಿದೆ ಎಂದು ನಿನಗೆ ಗೊತ್ತಾಯಿತೇ? ನಿನ್ನ ಮುಖ ನೋಡಿದೆ. ಗೊತ್ತಾಗಿರಲಿಲ್ಲ. ಆ ಮಾತನ್ನು ಅಷ್ಟು ಸಲ ಆಡಿ ಆಡಿ ಅದು ನಿನ್ನ ನಾಲಿಗೆಯಲ್ಲೇ ಕೂತಿತ್ತು.

ಮೊದಲ ಸಾಲಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಾಟಕ ಪೂರ್ತಿ ನೋಡಿದೆ. ಚೆನ್ನಾಗಿ ಮಾಡಿದೆ, ಮಗ. ಕತ್ತಿಯನ್ನು ಒರೆಗೆ ಸೇರಿಸುವಾಗ ಕಣ್ಣು ಕೆಳಗೆ ಹೋಗುತ್ತದೆ. ಕಿನು ನೋಡದೆ ಸೇರಿಸಬೇಕು. ನಿನ್ನ ಚಹಾ ದೃಶ್ಯದಲ್ಲಿ ನನ್ನ ಪಕ್ಕದಲ್ಲಿದ್ದ ನಿನ್ನ ಮಾವ ಕರವಸ್ತ್ರ ತೆಗೆದರು. ನನಗೆ ಅಳು ಬರಲಿಲ್ಲ. ಸಿಟ್ಟು ಬಂದಿತ್ತು, ಇನ್ನೂ ಇಳಿದಿಲ್ಲ.

ಇಷ್ಟಾದರೂ ನೀನು ನನ್ನ ಅಣ್ಣನ ಮಗಳು. ಈ ದೇಶಕ್ಕೆ ಬಂದ ಹೊಸದರಲ್ಲಿ ನನ್ನ ಅಡುಗೆಮನೆಯಲ್ಲಿ ಕೂತು ಊರಿನ ನೆನಪಿಗೆ ಅತ್ತವಳು. ನಿನಗೆ ಒಳ್ಳೆಯದಾಗಲಿ, ಮುತ್ತೈದೆಯಾಗಿ ಬಾಳು, ಮಗುವಿಗೆ ದೀರ್ಘಾಯುಸ್ಸು ಸಿಗಲಿ. ಹರ್ಷನಿಗೆ ನನ್ನ ಆಶೀರ್ವಾದ ತಿಳಿಸು. ಮಗುವಿಗೆಂದು ರಾಗಿ ಹುರಿಹಿಟ್ಟು ಮಾಡಿಟ್ಟಿದ್ದೇನೆ, ಹರ್ಷ ಈ ಕಡೆ ಬಂದಾಗ ತೆಗೆದುಕೊಂಡು ಹೋಗಲಿ. ನೀನು ಯಾವಾಗ ಬರಬೇಕೆಂದು ನಾನೇ ಹೇಳುತ್ತೇನೆ.

ಇಂತಿ ನಿನ್ನ ಅತ್ತೆ,
ಗೌರಮ್ಮ

ತಾ.ಕ.: ಎರಡನೆಯ ಮಾತು ಬರೆಯುತ್ತೇನೆ ಅಂದಿದ್ದೆನಲ್ಲ. ಅಂದು ಪಾರ್ಕಿಂಗಿನಲ್ಲಿ ಕೇಳಿದ್ದೆ: ನನಗೆ ತಪ್ಪಿದಾಗ ಎಲ್ಲರ ಎದುರಿಗೇ "ಅತ್ತೆ, ತಪ್ಪಾಯ್ತು" ಅನ್ನು, ಉಳಿದವರು ಸುಮ್ಮನಿದ್ದರೂ ನೀನೊಬ್ಬಳು ಅನ್ನು, ನಾನು ಎಲ್ಲಿದ್ದೇನೆ ಅಂತ ನನಗೆ ತಿಳಿಯುವುದು ಅದರಿಂದಲೇ. ಆ ಶುಕ್ರವಾರ ನನಗೆ ಮಾತು ಮರೆತಿರಲಿಲ್ಲ, ನಿಸರ್ಗಾ. ಬೇಕೆಂದೇ ತಪ್ಪು ಹೇಳಿದೆ. ನೀನು ತಿದ್ದಿದ ತಕ್ಷಣ ಕಿನುವಿನ ಪಾತ್ರವನ್ನು ನಿನಗೆ ಕೊಡುತ್ತೇನೆಂದು ಎಲ್ಲರ ಮುಂದೆ ಹೇಳುವವಳಿದ್ದೆ. ನಿನ್ನ ನಡುವಿನ ಅಳತೆಗೆ ಹೊಲಿದ ಕಿಮೊನೋದ ಸೊಂಟಪಟ್ಟಿ ನನ್ನ ಚೀಲದಲ್ಲಿತ್ತು. ನಾನು ನಿನ್ನ ಮುಖ ನೋಡುತ್ತಾ ನಿಂತೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನೀನು.