ಬಂಗಲೆಯ ಗಾರೆ ಗೋಡೆ

ಹಲಸೂರು, ಮಾರ್ಚ್ ೧೯೯೮

ಅಪ್ಪಾ,

ನೀನು ತೀರಿಹೋಗಿ ಎರಡು ವರ್ಷವಾಯಿತು. ಕೆರೆ ಪಕ್ಕದ ನೂರಿಪ್ಪತ್ತು ವರ್ಷದ ಬಂಗಲೆಯನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡುತ್ತಿದ್ದಾರೆ. ಸುಣ್ಣದ ಗಾರೆ ಕೆಲಸ ನಿನ್ನ ಶಿಷ್ಯ ಮುನಿರಾಜನದು. ನಾನು ಕರಣೆ ಮುಟ್ಟಿದರೆ "ಹೆಣ್ಮಗೀಗ್ಯಾಕಮ್ಮ ಇದು" ಎಂದು ಕಿತ್ತುಕೊಳ್ಳುತ್ತಿದ್ದ ನೀನು, ಅವನಿಗೆ ಮಾತ್ರ ಕೈಹಿಡಿದು ಕಲಿಸಿದೆ.

ಇವತ್ತು ನೋಡಲು ಹೋಗಿದ್ದೆ. ಒಂದಾದರೂ ತಪ್ಪು ಸಿಗಲೆಂದು ಹಜಾರದ ಗೋಡೆಯ ತುಂಬ ಬೆರಳಾಡಿಸಿದೆ. ಸಿಗಲಿಲ್ಲ. ನೀನು ತೀಡಿದ ಗೋಡೆಯಂತೆಯೇ ನುಣ್ಣಗೆ, ತಣ್ಣಗೆ ಇತ್ತು.

"ಮೇಸ್ತ್ರಿ ಮಗಳು ನೀನು. ಸರಿಯಾಗೈತಾ ಹೇಳಕ್ಕಾ," ಅಂದ ಮುನಿರಾಜ.

"ಅಪ್ಪ ಇದ್ದಿದ್ರೆ ಇದನ್ನ ಒಪ್ತಿರ್ಲಿಲ್ಲ," ಅಂದುಬಿಟ್ಟೆ.

ಅವನು ಯಾಕೆಂದು ಕೇಳಲಿಲ್ಲ. ಉಳಿ ತೆಗೆದುಕೊಂಡು, ಮೂರು ವಾರದ ಕೆಲಸವನ್ನು ಕೆರೆಯತೊಡಗಿದ.

ಗೋಡೆಯ ಗಾರೆಯೆಲ್ಲ ಉದುರುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.