ಒಂದು ಬೆರಳು ಸಾಕಂತೆ

ಮಂಠಾಳ, ತಾ. ಬಸವಕಲ್ಯಾಣ
ಭಾನುವಾರ, ೯ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮ ಕಪಿಲ, ನಿನಗೆ ಅಕ್ಕನ ಜೈ ಭೀಮ್.

ಹೇಗಿದ್ದೀಯ? ಪುಣೆಯಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲ ಎಂದು ಲಾಲ್ ಅಹ್ಮದ್ ಹೇಳಿದ. ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹನ್ನೆರಡು ತಾಸು ಕಾವಲು ಕೂರುವವನು ನೀನು, ಕಿವಿಗೆ ಸುತ್ತಿಕೊಳ್ಳಲು ಏನಾದರೂ ಇದೆಯೋ ಇಲ್ಲವೋ. ಚಳಿಗೆ ಕೈ ಸೆಳೆಯುತ್ತದೆಯೇ? ಬೆರಳು ಇಲ್ಲದ ಜಾಗದಲ್ಲೇ ತುರಿಸುತ್ತದೆ ಎನ್ನುತ್ತಿದ್ದೆ, ಅದಾದರೂ ಕಡಿಮೆಯಾಯಿತೇ? ಅವ್ವ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ ಕಟ್ಟಿದ್ದಾಳೆ. ಈ ಪತ್ರವನ್ನೂ ಅದೇ ಚೀಲದಲ್ಲಿ ಇಡುತ್ತಿದ್ದೇನೆ. ಲಾಲ್ ಅಹ್ಮದ್ ಇವತ್ತು ಮಧ್ಯಾಹ್ನ ಲಾರಿ ತಗೊಂಡು ನಿಮ್ಮ ಕಡೆಗೇ ಹೊರಟಿದ್ದಾನೆ. ಹುಮನಾಬಾದಿನ ಲಾರಿಯವರಲ್ಲಿ ನಿನ್ನ ಗೇಟು ಗೊತ್ತಿರುವವನು ಅವನೊಬ್ಬನೇ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ದಸರೆಯಿಂದ ನೀನು ಎತ್ತಿದ್ದು ಎರಡು ಸಲ, ಎರಡೂ ಸಲ ‘ಡ್ಯೂಟಿ ಮ್ಯಾಲ ಅದೀನಿ ಅಕ್ಕಾ’ ಎಂದೆ. ಪತ್ರಕ್ಕಾದರೆ ಹಾಗೆ ಹೇಳಲು ಬರುವುದಿಲ್ಲ. ಓದಿಯೇ ಹರಿಯಬೇಕು.

ಇಲ್ಲಿ ಎಲ್ಲರೂ ಇದ್ದ ಹಾಗೆ ಇದ್ದೇವೆ. ಅವ್ವನ ಮಂಡಿ ನೋವು ಹಾಗೇ ಇದೆ. ನಮ್ಮ ಮನೆಯವರು, ನಿನ್ನ ಮಾಮಾ, ಈ ತಿಂಗಳು ಬಸವಕಲ್ಯಾಣದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದಾರೆ. ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಎಂದಿನಂತೆ ಬೆಳಿಗ್ಗೆ ಬೀಗ ತೆಗೆಯುತ್ತೇನೆ, ಪೇಪರು ಹರಡುತ್ತೇನೆ, ಮುದುಕರು ಬಂದು ಮೊದಲು ನಿಧನ ವಾರ್ತೆ ಓದುತ್ತಾರೆ. ಅಪ್ಪ ಭೀಮಗೀತೆಯ ಗಾಯನ ಮಂಡಳಿಗೆ ಹೋಗುವುದನ್ನು ಬಿಟ್ಟಿದ್ದಾನೆ. ನೀನು ಹೋದ ಮೇಲೆ ಮೂರು ಕಾರ್ಯಕ್ರಮಕ್ಕೆ ಹೋದ. ಅಲ್ಲಿ ಈಗ ಪೆನ್ ಡ್ರೈವ್ ಹಾಕಿ ಅದರ ಮೇಲೆ ಸಂಘರತ್ನ ಕಾಕಾ ಹಾಡುತ್ತಾರೆ, ಢೋಲಕಿಯೂ ಅದರಲ್ಲೇ ಇರುತ್ತದೆ. ಮೂರನೆಯ ಕಾರ್ಯಕ್ರಮದಲ್ಲಿ ಅಪ್ಪ ಢೋಲಕಿಯ ಚೀಲ ಬಿಚ್ಚದೆಯೇ ಕೂತು ಎದ್ದು ಬಂದನಂತೆ.

ಈಗ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯಬೇಕಾಗುತ್ತದೆ, ಇಲ್ಲದಿದ್ದರೆ ಮುಂದಿನದು ನನ್ನ ಪೆನ್ನಿಗೆ ಬರುವುದಿಲ್ಲ. ಹೋದ ವರ್ಷ ಜನವರಿಯಲ್ಲಿ, ನೀನು ಇಲ್ಲಿ ದುಡಿಯುತ್ತಿದ್ದ ಕಂಪನಿಯ ಪುಡಿ ತುಂಬುವ ಯಂತ್ರಕ್ಕೆ ಸಿಕ್ಕು ನಿನ್ನ ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಬುದ್ಧ ಪೂರ್ಣಿಮೆಗೆ ಘಾಟಬೋರಾಳದಲ್ಲಿ ನೀನು ಹಟ ಹಿಡಿದು ಮಂಡಳಿಯ ಜೊತೆ ಮೊದಲಿನಂತೆ ಕೀಬೋರ್ಡಿಗೆ ಕೂತೆ. ಎರಡು ಹಾಡು ಹೇಗೋ ಹೋಯಿತು. ಮೂರನೆಯದರಲ್ಲಿ ಸ್ವರ ಬಿದ್ದುಹೋಗಿ, ಸಂಘರತ್ನ ಕಾಕಾ ಹಾಡುತ್ತಲೇ ಹೊರಳಿ ನೋಡಿದರು. ಜನ ಚಪ್ಪಾಳೆ ಹೊಡೆದರು. ಟೆಂಪೊದಲ್ಲಿ ಬರುವಾಗ ನೀನು ನನಗೊಬ್ಬಳಿಗೇ ಕೇಳುವ ಹಾಗೆ ಅಂದೆ, ‘ಮಂದಿ ನಕ್ಕಿದ್ರ ಛಲೋ ಇತ್ತು ಅಕ್ಕಾ.’ ಅದಾದ ಮೇಲೆ ನೀನು ಕೀಬೋರ್ಡ್ ಮುಟ್ಟಿದ್ದನ್ನು ಮನೆಯಲ್ಲಿ ಯಾರೂ ನೋಡಲಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಪುಣೆಗೆ ಹೋದೆ.

ದಸರೆಯ ದಿನ ಬುದ್ಧ ವಿಹಾರದಲ್ಲಿ ಕಾರ್ಯಕ್ರಮ ನಡೆಯುವಾಗ ನೀನಾಗಿಯೇ ಫೋನ್ ಮಾಡಿದ್ದೆ. ಅಪ್ಪ ನನ್ನ ಕೈಯಿಂದ ಕಸಿದುಕೊಂಡು, ‘ಯಾವಾಗ ಬರ್ತಿ?’ ಎಂದು ಕೇಳಿದ. ನೀನು ಹೇಳಿದ್ದು ನನಗೂ ಕೇಳಿಸಿತು: ‘ಒಂದು ಸಿಂಥ್ ಸಾಫ್ಟ್‌ವೇರ್ ಅದ ಅಪ್ಪಾ. ಕಂಪ್ಯೂಟರಿನ್ಯಾಗ ಹಾಕೋದು. ಎಲ್ಲಾ ವಾದ್ಯದ ದನಿ ಅದ ಅದರಾಗ, ಒಂದು ಬೆರಳು ಸಾಕು. ಹದಿನಾರು ಸಾವಿರ ಕಿಮ್ಮತ್ತು. ಅದು ಸಿಕ್ಕರ ಬರ್ತೀನಿ, ಮತ್ತ ಕುಂದರ್ತೀನಿ.’ ಅದರ ಇಂಗ್ಲಿಷ್ ಹೆಸರನ್ನೂ ಹೇಳಿದೆ. ಆಮೇಲೆ ಫೋನ್ ಕಟ್ಟಾಯಿತು. ನೀನು ಹೇಳಿ ಮರೆತಿರಬಹುದು. ಅಪ್ಪನಿಗೆ ಅದು ಬರೆದುಕೊಟ್ಟ ಮಾತಿನ ಹಾಗೆ. ಕೀಬೋರ್ಡನ್ನು ಹತ್ತು ವರ್ಷ ‘ಸುಳ್ಳು ಪೆಟ್ಟಿಗಿ’ ಎಂದು ಬೈದವನು, ದೀಪಾವಳಿ ಮುಗಿದ ಮೇಲೆ ನನ್ನ ಗ್ರಂಥಾಲಯಕ್ಕೆ ಬಂದು, ಮುದುಕರ ಮುಂದೆಯೇ, ‘ಆ ಒಂದು ಬೆರಳಿಂದು ಏನಾತು?’ ಎಂದು ಕೇಳತೊಡಗಿದ.

ಹದಿನಾರು ಸಾವಿರ ನನ್ನ ಒಂದು ತಿಂಗಳ ದುಡಿಮೆ ಹೆಚ್ಚುಕಡಿಮೆ. ಸುಮ್ಮನೆ ಹೇಗೆ ಕೊಡಲಿ? ಅದು ಅಷ್ಟು ಬಾಳುತ್ತದೆಯೇ ಎಂದು ಮೊದಲು ತಿಳಿದುಕೊಳ್ಳೋಣ ಎಂದುಕೊಂಡೆ. ಮೊಬೈಲಿನಲ್ಲಿ ನೋಡಿದರೆ ಹಿಂದಿಯಲ್ಲಿ ಒಬ್ಬ ‘ಪೈಸಾ ವಸೂಲ್’ ಎನ್ನುತ್ತಾನೆ, ಇನ್ನೊಬ್ಬ ಇದರಲ್ಲಿರುವುದರ ಕಾಲುಭಾಗವೂ ಯಾರಿಗೂ ಬೇಕಾಗುವುದಿಲ್ಲ ಎನ್ನುತ್ತಾನೆ. ಇಬ್ಬರಿಗೂ ಹತ್ತು ಬೆರಳಿದ್ದವು. ಕೊನೆಗೆ ಹುಮನಾಬಾದಿನ ಬಸ್ ನಿಲ್ದಾಣದ ಹಿಂದೆ ಮದುವೆ ವಿಡಿಯೋ ಮಾಡುವ, ಹಾಡು ರೆಕಾರ್ಡ್ ಮಾಡುವ ಗುರುಶಾಂತನ ಸ್ಟುಡಿಯೋ ಇದೆಯಲ್ಲ, ಅಲ್ಲಿಗೆ ಹೋದೆ. ಸಾಫ್ಟ್‌ವೇರಿನ ಹೆಸರು ಹೇಳಿದ ಕೂಡಲೇ ಅವನ ಮುಖ ಒಂದು ಥರ ಆಯಿತು. ಆಗ ನನಗೆ ಅರ್ಥವಾಗಲಿಲ್ಲ. ಮೂವತ್ತು ದಿನ ಪುಕ್ಕಟೆ ಪ್ರಯೋಗಕ್ಕೆ ಸಿಗುತ್ತದೆ ಅಕ್ಕಾ ಎಂದು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ. ಸಂಕ್ರಾಂತಿಯ ಹಿಂದಿನ ಭಾನುವಾರದಿಂದ ನಾಲ್ಕು ಭಾನುವಾರ, ಬಸವಕಲ್ಯಾಣದಲ್ಲಿ ಬಸ್ ಬದಲಿಸಿಕೊಂಡು ಹೋಗಿ ಕೂತೆ.

ತೆರೆದ ಕೂಡಲೇ ಗಾಬರಿಯಾಯಿತು. ಪರದೆಯ ತುಂಬ ಗುಂಡಿಗಳು, ಒಂದನ್ನು ಒತ್ತಿದರೆ ಅದರ ಹಿಂದೆ ಅಷ್ಟೇ ಗುಂಡಿಗಳ ಇನ್ನೊಂದು ಪರದೆ. ಗುರುಶಾಂತ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಾಲ್ಕು ಪದರಗಳಂತೆ. ಒಂದರಲ್ಲಿ ನಿಜವಾದ ವಾದ್ಯಗಳ ರೆಕಾರ್ಡು, ಒಂದರಲ್ಲಿ ಯಂತ್ರವೇ ಹುಟ್ಟಿಸುವ ನಾದ, ಇನ್ನೊಂದರಲ್ಲಿ ದನಿಯನ್ನು ರವೆಯ ಹಾಗೆ ಒಡೆದು ಮತ್ತೆ ಉಂಡೆ ಕಟ್ಟುವುದು. ನಾಲ್ಕನೆಯದು ನನಗೆ ಹತ್ತಲೇ ಇಲ್ಲ. ಸಿದ್ಧ ಮಾಡಿಟ್ಟ ದನಿಗಳೇ ಸಾವಿರಾರು. ಒಂದು ಇಡೀ ಭಾನುವಾರ ಕೇಳಿದರೂ ‘ಕೊಳಲು’ ಮುಗಿಯಲಿಲ್ಲ. ನೀನು ಹೇಳಿದ ಒಂದು ಬೆರಳಿನ ಮಾತು ಖರೆ. ಸ್ವರ ಆರಿಸಿ ಒಂದೇ ಕೀ ಒತ್ತಿ ಹಿಡಿದರೆ ಸಾಕು, ಅದೇ ಜೊತೆ ಸ್ವರಗಳನ್ನು ಸೇರಿಸಿಕೊಂಡು, ತಾಳಕ್ಕೆ ಸರಿಯಾಗಿ ಬಿಡಿಸಿ ಬಿಡಿಸಿ ಬಾರಿಸುತ್ತದೆ. ಹುಟ್ಟಿದಾಗಿನಿಂದ ಹಾರ್ಮೋನಿಯಂ ಮುಟ್ಟದ ನಾನು ಬಾರಿಸಿದೆ ಕಪಿಲ! ಸಿನಿಮಾದ ಹಾಗೆ ಕೇಳಿಸಿತು. ಆ ದಿನ ಬಸ್ಸಿನಲ್ಲಿ ಬರುವಾಗ ಇನ್ನೇನು ನೀನು ಬಂದೇ ಬಿಟ್ಟೆ ಎನ್ನುವ ಹಾಗೆ ನನ್ನಷ್ಟಕ್ಕೆ ನಗುತ್ತಿದ್ದೆ, ಪಕ್ಕದ ಹೆಂಗಸು ಸರಿದು ಕೂತಳು. ದುಡ್ಡು ಕೊಡದವರಿಗೆ ಎರಡೇ ತೊಂದರೆ. ಬಾರಿಸಿದ್ದನ್ನು ಉಳಿಸಿಡಲು ಬರುವುದಿಲ್ಲ, ಮತ್ತು ನಿಮಿಷಕ್ಕೊಮ್ಮೆ ದನಿ ನಿಂತು ಮತ್ತೆ ಶುರುವಾಗುತ್ತದೆ.

ಮೂರನೆಯ ಭಾನುವಾರ ಅಪ್ಪ ಬಂದ. ಢೋಲಕಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದ. ದನಿ ಮೊದಲ ಸಲ ನಿಂತಾಗ, ‘ಉಸರ ತಗೋತದ ಏನು?’ ಎಂದು ಕೇಳಿ ಗುರುಶಾಂತನನ್ನು ನಗಿಸಿದ. ಒಳ್ಳೆಯ ಹುರುಪಿನಲ್ಲಿದ್ದ. ನಾನು ಕೀ ಒತ್ತಿದೆ, ಅಪ್ಪ ಬಾರಿಸಿದ, ಹಾಡನ್ನು ಇಬ್ಬರೂ ಸಣ್ಣಗೆ ಗುನುಗಿದೆವು. ಮೊದಲ ನುಡಿ ಚೆನ್ನಾಗಿ ಹೋಯಿತು, ಎರಡನೆಯದೂ ಹೋಯಿತು. ಮೂರನೆಯ ನುಡಿಯಲ್ಲಿ ಅಪ್ಪ ತಾಳ ಏರಿಸಿ ಓಡುತ್ತಾನಲ್ಲ, ಯಾವತ್ತಿನಿಂದಲೂ, ಹಾಗೇ ಓಡಿದ. ಯಂತ್ರ ಓಡಲಿಲ್ಲ. ಇದ್ದ ನಡಿಗೆಯಲ್ಲೇ ಹೋಯಿತು. ಅಪ್ಪ ಹಿಂದೆ ಬಂದ, ಮತ್ತೆ ಓಡಿದ, ಮತ್ತೆ ಬಂದ. ಓಟ ಹೆಚ್ಚಿಸಲು ಗುಂಡಿ ಇದೆ ಕಾಕಾ ಎಂದು ಗುರುಶಾಂತ ತೋರಿಸಿದ, ಅದನ್ನು ನನ್ನ ಬೆರಳಿನಿಂದ ತಟ್ಟಿಸಿದ. ನಾನು ತಟ್ಟುವಷ್ಟರಲ್ಲಿ ಅಪ್ಪ ಆ ನುಡಿ ದಾಟಿರುತ್ತಿದ್ದ. ಆರೇಳು ಸಲ ಮಾಡಿದೆವು. ಆಮೇಲೆ ಅಪ್ಪ ಢೋಲಕಿಯನ್ನು ಕೆಳಗಿಟ್ಟು, ‘ಇದು ನನ್ನ ಮಾರಿ ನೋಡಲ್ಲ ಸುಗಂಧಾ. ಕಪಿಲ ನನ್ನ ಹೆಗಲ ನೋಡ್ತಿದ್ದ. ನಾ ಓಡೂಕಿಂತ ಮೊದಲ ಅವಗ ತಿಳೀತಿತ್ತು’ ಎಂದ. ಗುರುಶಾಂತ ತರಿಸಿದ ಚಹಾ ಕುಡಿದ. ಹತ್ತು ವರ್ಷದಲ್ಲಿ ಅಪ್ಪ ನಿನ್ನನ್ನು ಹೊಗಳಿದ್ದು ನಾನು ಕೇಳಿದ್ದು ಅದೇ ಮೊದಲು. ನೀನು ಅಲ್ಲಿರಲಿಲ್ಲ.

ಹೋದ ಭಾನುವಾರ ನಾನೊಬ್ಬಳೇ ಹೋದೆ. ನೀನು ಕೂತರೆ ಅಪ್ಪನ ಹೆಗಲು ನೋಡಿ ಆ ಗುಂಡಿಯನ್ನು ಸರಿಯಾದ ಹೊತ್ತಿಗೆ ತಟ್ಟಬಹುದೇನೋ ಎಂಬ ಆಸೆ ಇನ್ನೂ ಇತ್ತು. ಲ್ಯಾಪ್‌ಟಾಪ್ ಮದುವೆಯೊಂದಕ್ಕೆ ಹೋಗಿತ್ತು. ಒಳಗಿನ ದೊಡ್ಡ ಕಂಪ್ಯೂಟರಿನಲ್ಲಿ ಹಾಕಿಕೊಡು ಎಂದೆ. ಗುರುಶಾಂತ ಬೇಡ ಅಕ್ಕಾ, ಮುಂದಿನ ವಾರ ಬನ್ನಿ ಎಂದು ಎಳೆದಾಡಿದ. ಬಸ್ಸಿಗೆ ಖರ್ಚು ಮಾಡಿಕೊಂಡು ಬಂದಿದ್ದೇನೆ ಎಂದು ನಾನೇ ಹೋಗಿ ಕೂತೆ. ತೆರೆದರೆ, ಮೂವತ್ತು ದಿನದ ಪ್ರಯೋಗ ಮುಗಿದಿದೆ ಎಂದು ಇಂಗ್ಲಿಷಿನಲ್ಲಿ ಬಂತು. ಕೆಳಗೆ ಹೆಸರು: ಕಪಿಲ ಉತ್ತಮ, ಮಂಠಾಳ.

‘ಹೇಳಬ್ಯಾಡ ಅಂದಿದ್ರು ಅಕ್ಕಾ’ ಎಂದ ಗುರುಶಾಂತ. ಶ್ರಾವಣದ ಮೂವತ್ತು ದಿನವೂ ಬಂದು ಬೆಳಿಗ್ಗೆಯಿಂದ ಸಂಜೆಯ ತನಕ ಕೂತಿದ್ದೆಯಂತೆ. ಕೈಗೆ ವ್ಯಾಯಾಮ ಮಾಡಿಸುತ್ತಾರೆ ಎಂದು ಹುಮನಾಬಾದಿನ ಆಸ್ಪತ್ರೆಗೆ ಹೋಗುತ್ತಿದ್ದೆಯಲ್ಲ, ಆ ಆಸ್ಪತ್ರೆ ಎಂದರೆ ಇದೇ. ಸಂಜೆ ನೀನು ಬಂದಾಗ ‘ಹ್ಯಾಂಗ ಅದ ಕೈ?’ ಎಂದರೆ ‘ಸುಧಾರಿಸಾಕತ್ತದ’ ಎನ್ನುತ್ತಿದ್ದೆ. ನಾವು ನಂಬಿ ನಿನಗೆ ಹಾಲು ಕಾಸಿ ಕೊಡುತ್ತಿದ್ದೆವು. ನಾನು ಮೂರು ಭಾನುವಾರದಲ್ಲಿ ಕಲಿತದ್ದನ್ನು ನೀನು ಎರಡು ದಿನದಲ್ಲಿ ಕಲಿತಿದ್ದೆ, ನನಗೆ ತಿಳಿಯದ ಆ ನಾಲ್ಕನೆಯ ಪದರವನ್ನೂ ಬಿಟ್ಟಿರಲಿಲ್ಲವಂತೆ. ಅಪ್ಪನ ಮೂರನೆಯ ನುಡಿಯ ಓಟವನ್ನು ಬಾಯಲ್ಲೇ ಬಾರಿಸಿಕೊಂಡು, ಆ ಓಟಕ್ಕೆ ಯಂತ್ರವನ್ನು ಹಚ್ಚಲು ಒಂದು ವಾರ ಒದ್ದಾಡಿದೆಯಂತೆ. ಕೊನೆಯ ದಿನ ಎದ್ದು, ‘ಛಲೋ ಅದ ಗುರು, ತಪ್ಪು ತೆಗೆಯೂ ಹಂಗಿಲ್ಲ. ಆದ್ರ ಇದು ಬಾರಸೂದಲ್ಲ, ಫಾರ್ಮ್ ತುಂಬೂದು’ ಎಂದು, ಕುಡಿದ ಚಹಾದ ಲೋಟ ತೊಳೆದಿಟ್ಟು ಹೋದೆಯಂತೆ. ಮುಂದಿನ ವಾರ ನೀನು ಪುಣೆಯಲ್ಲಿದ್ದೆ.

ಅಂದರೆ ದಸರೆಯ ದಿನ ಅಪ್ಪನಿಗೆ ಹಾಗೆ ಹೇಳುವಾಗ ನಿನಗೆ ಎಲ್ಲ ಗೊತ್ತಿತ್ತು. ಬರುವುದಿಲ್ಲ ಎನ್ನಲು ಬಾಯಿ ಬರದೆ, ನಮ್ಮ ಕೈಗೆ ಎಟುಕದ ಬೆಲೆಯ ಒಂದು ವಸ್ತುವಿನ ಹೆಸರು ಹೇಳಿದೆ. ಬಸ್ಸಿನಲ್ಲಿ ನಿನ್ನ ಮೇಲೆ ಬಹಳ ಸಿಟ್ಟು ಬಂತು. ಮಂಠಾಳದಲ್ಲಿ ಇಳಿಯುವಾಗ ಸಿಟ್ಟೂ ಉಳಿದಿರಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ.

ಕೇಳಿದರೆ ನನ್ನ ಅಭಿಪ್ರಾಯ ಇಷ್ಟು. ಗುರುಶಾಂತನಂಥವನಿಗೆ, ಮದುವೆಗೊಂದು ಜಾಹೀರಾತಿಗೊಂದು ಹಾಡು ಕಟ್ಟಿಕೊಡುವವನಿಗೆ, ಹದಿನಾರು ಸಾವಿರ ಹೆಚ್ಚಲ್ಲ, ಆ ದುಡ್ಡು ಒಂದು ವರ್ಷದಲ್ಲಿ ಹುಟ್ಟುತ್ತದೆ. ನಮ್ಮ ಮನೆಗೆ ಅದು ಪುಕ್ಕಟೆ ಬಂದರೂ ದುಬಾರಿ. ಆದ್ದರಿಂದ ನಾನು ಕೊಳ್ಳುತ್ತಿಲ್ಲ. ಅಪ್ಪನಿಗೆ ಹೇಗೋ ನಿಧಾನಕ್ಕೆ ತಿಳಿಸುತ್ತೇನೆ. ಆ ಭಾನುವಾರದ ನಂತರ ಅವನಾಗಿಯೂ ಕೇಳುವುದನ್ನು ಬಿಟ್ಟಿದ್ದಾನೆ. ನೀನು ಬಾ ಎಂದು ಇನ್ನು ಕರೆಯುವುದಿಲ್ಲ. ಬಂದು ಇಲ್ಲಿ ಮಾಡುವುದಾದರೂ ಏನು? ಮತ್ತೆ ಆ ಕಂಪನಿಯ ಗೇಟು ಹತ್ತಬೇಕು. ಬೇರೆ ಏನಾದರೂ ಕಲಿ, ಧೈರ್ಯವಾಗಿರು ಎಂದು ಬರೆಯಲು ಹೊರಟು ಎರಡು ಸಾಲು ಹೊಡೆದು ಹಾಕಿದ್ದೇನೆ, ಮೇಲೆ ಕಾಣುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ಕೈಗೆ ಕೊಬ್ಬರಿ ಎಣ್ಣೆ ತಿಕ್ಕುವುದನ್ನು ಬಿಡಬೇಡ. ತಿಂಗಳಿಗೊಮ್ಮೆಯಾದರೂ ಅವ್ವನ ಜೊತೆ ಮಾತಾಡು, ಅವಳು ಕೇಳುವುದು ಉಂಡಿಯೇನು ಎಂದು ಅಷ್ಟೇ, ಅದಕ್ಕೆ ಹೌದು ಎಂದರೆ ಮುಗಿಯಿತು.

ಅವ್ವ, ಅಪ್ಪ, ನಿನ್ನ ಮಾಮಾ ಎಲ್ಲರ ಆಶೀರ್ವಾದ ನಿನ್ನ ಮೇಲಿದೆ. ಸಂಘರತ್ನ ಕಾಕಾ ಜೈ ಭೀಮ್ ಹೇಳಲು ಹೇಳಿದ್ದಾರೆ. ಇದ್ದಲ್ಲಿ ಸುಖವಾಗಿರು ತಮ್ಮಾ.

ನಿನ್ನ ಅಕ್ಕ
ಸುಗಂಧಾ

ತಾ. ಕ.: ಇದನ್ನು ಹೆದ್ದಾರಿಯ ಚಹಾದಂಗಡಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಲಾಲ್ ಅಹ್ಮದ್ ಲಾರಿ ಚಾಲೂ ಮಾಡಿಕೊಂಡೇ ನಿಂತಿದ್ದಾನೆ. ಈಗಷ್ಟೇ ಗುರುಶಾಂತನ ಫೋನ್ ಬಂತು. ಅಪ್ಪ ನಿನ್ನೆ ನನಗೆ ಹೇಳದೆ ಹುಮನಾಬಾದಿಗೆ ಹೋಗಿ, ಮಾರ್ಕೆಟ್ಟಿನಲ್ಲಿ ತೊಗರಿ ಮಾರಿದ ದುಡ್ಡು ಕೊಟ್ಟು ಆ ಸಾಫ್ಟ್‌ವೇರ್ ಕೊಂಡಿದ್ದಾನೆ. ನಿನ್ನ ಹೆಸರಿನಲ್ಲಿ. ಒಮ್ಮೆ ಕೊಂಡ ಮೇಲೆ ಕಂಪನಿಯವರು ವಾಪಸ್ ತಗೊಳ್ಳುವುದಿಲ್ಲವಂತೆ. ‘ನಿಮ್ಮ ಓಟಕ್ಕ ಅದು ಬರಲ್ಲ ಕಾಕಾ’ ಎಂದು ಗುರುಶಾಂತ ಹೇಳಿದ್ದಕ್ಕೆ, ‘ಬರದಿದ್ರ ಬಿಡು, ನಾನ ಅದರ ಹಿಂದ ಹೋಗ್ತೀನಿ. ಅಂವ ಬಂದು ಕುಂದರ್ಲಿ’ ಎಂದನಂತೆ. ನೀನು ಅಲ್ಲಿ ಮೂವತ್ತು ದಿನ ಕೂತಿದ್ದನ್ನು ಗುರುಶಾಂತ ಅಪ್ಪನಿಗೆ ಹೇಳಿಲ್ಲ. ‘ಕಾಕಾ ಭಾಳ ಖುಷಿಲೆ ಬಂದಿದ್ರು ಅಕ್ಕಾ, ಹ್ಯಾಂಗ ಹೇಳ್ಲಿ?’ ಎಂದು ಅತ್ತುಬಿಟ್ಟ. ಏಪ್ರಿಲ್ ಹದಿನಾಲ್ಕರ ಜಯಂತಿಗೆ ಕಪಿಲ ಕೀಬೋರ್ಡಿಗೆ ಇರುತ್ತಾನೆ ಎಂದು ಅಪ್ಪ ಆಗಲೇ ಮಂಡಳಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾನಂತೆ. ನನ್ನಿಂದ ಆಗುವುದಿಲ್ಲ ಕಪಿಲ. ಬರುವುದಿಲ್ಲ ಎಂದು ಅಪ್ಪನಿಗೆ ನೀನೇ ಫೋನ್ ಮಾಡಿ ಹೇಳು.